ಕ್ವೆರಿಗೊಂದು ಬಕಲಂ

ನಾನು ನಿವೃತ್ತಳಾದ ದಿನ ಕಾರ್ಖಾನೆಯವರು ಶಾಲು ಹೊದಿಸಿ, ಗೋಡೆ ಗಡಿಯಾರ ಕೊಟ್ಟು, ನಾಲ್ಕು ಭಾಷಣ ಮಾಡಿದರು. ಭಾಷಣ ಮಾಡಿದವರಲ್ಲಿ ಒಬ್ಬರಿಗೂ ನಾನು ಅಷ್ಟು ವರ್ಷ ಏನು ಮಾಡುತ್ತಿದ್ದೆ ಎಂಬುದು ಸರಿಯಾಗಿ ಗೊತ್ತಿರಲಿಲ್ಲ. ಎಮ್ಮೆ ನೋಡಿಕೊಂಡವರ ಬಗ್ಗೆ ಹೇಳುವ ಹಾಗೆ, ಕಲಾವತಿಯವರು ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದರು ಎಂದರು. ನನ್ನ ಕೆಲಸ ಗೊತ್ತಿದ್ದವನು ಒಬ್ಬನೇ. ಅವನು ಹಿಂದಿನ ಸಾಲಿನಲ್ಲಿ ಕೂತಿದ್ದ, ಮಾತಾಡಲಿಲ್ಲ. ಅದಕ್ಕೆ ಕಾರಣವಿತ್ತು, ಈ ಬರಹ ಬಹುಮಟ್ಟಿಗೆ ಆ ಕಾರಣದ ಬಗ್ಗೆಯೇ. ಈಗ ಇದೇ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಕೆಲವೊಮ್ಮೆ ಮನೆಗೆ ಬಂದು ಆಗ ಹೇಗಿತ್ತು ಎಂದು ಕೇಳುತ್ತಾರೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾವ ಕುರ್ಚಿಯಿಂದ ಯಾವ ಕುರ್ಚಿಗೆ ಹೋದೆ ಎಂಬುದನ್ನು ಬಿಟ್ಟಿದ್ದೇನೆ. ಕುರ್ಚಿಗಳೆಲ್ಲ ಒಂದೇ ತರಹ ಇದ್ದವು.

ನಮ್ಮದು ಸಕ್ಕರೆ ಕಾರ್ಖಾನೆ. ಅದು ಮುಚ್ಚಿ ಕೆಲವು ವರ್ಷವಾಯಿತು, ಹೆಸರಿನ ಅಗತ್ಯವಿಲ್ಲ. ಮುಖ್ಯ ಕಚೇರಿ ಹುಮನಾಬಾದದಲ್ಲಿ, ವಿಭಾಗ ಕಚೇರಿ ಬಸವಕಲ್ಯಾಣದಲ್ಲಿ. ಮನೆ ಬಸವಕಲ್ಯಾಣದಲ್ಲಿ, ಕುರ್ಚಿ ಹುಮನಾಬಾದದಲ್ಲಿ ಇದ್ದುದರಿಂದ ನನ್ನ ಆಯುಷ್ಯದ ಒಂದು ಪಾಲು ಬಸ್ಸಿಗೆ ಹೋಯಿತು. ಸಕ್ಕರೆ ಕಾರ್ಖಾನೆಯಲ್ಲಿ ಎಲ್ಲಕ್ಕಿಂತ ನಾಜೂಕಾದ ವಿಷಯವೆಂದರೆ ಪಾಳಿ. ಯಾರ ಹೊಲದ ಕಬ್ಬನ್ನು ಯಾವಾಗ ಕಡಿಯಬೇಕು ಎಂಬುದು ನಾಟಿಯ ದಿನಾಂಕದ ಮೇಲೆ ತೀರ್ಮಾನವಾಗುತ್ತಿತ್ತು. ಮೊದಲು ಹಚ್ಚಿದವರಿಗೆ ಮೊದಲು ಕಟಾವು ಚೀಟಿ. ಪಾಳಿ ಒಂದು ತಿಂಗಳು ಹಿಂದೆ ಬಿದ್ದರೆ ಕಬ್ಬು ಹೊಲದಲ್ಲೇ ನಿಂತು ಒಣಗಿ ಹಗುರಾಗುತ್ತದೆ, ಹೊಲ ಖಾಲಿಯಾಗದೆ ಮುಂದಿನ ಬೆಳೆಯೂ ತಡವಾಗುತ್ತದೆ. ಆದ್ದರಿಂದ ಪಾಳಿಯ ಪಟ್ಟಿಯನ್ನು ಜನ ಪಂಚಾಂಗಕ್ಕಿಂತ ಹೆಚ್ಚು ಶ್ರದ್ಧೆಯಿಂದ ಓದುತ್ತಿದ್ದರು.

ನಾನು ಟೈಪಿಸ್ಟಾಗಿ ಸೇರಿದವಳು. ತೊಂಬತ್ತರ ದಶಕದಲ್ಲಿ ಮೊದಲ ಕಂಪ್ಯೂಟರ್ ಬಂದಾಗ, ಬೆರಳು ಚುರುಕಾಗಿವೆ ಎಂಬ ಒಂದೇ ಅರ್ಹತೆಯ ಮೇಲೆ ನನ್ನನ್ನು ಅದರ ಮುಂದೆ ಕೂಡಿಸಿದರು. ಅದಕ್ಕೆಂದೇ ಎ.ಸಿ. ಹಾಕಿದ ಕೋಣೆ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರಬೇಕು. ಇಡೀ ಕಚೇರಿಯಲ್ಲಿ ತಣ್ಣಗಿದ್ದ ಕೋಣೆ ಅದೊಂದೇ ಆದ್ದರಿಂದ ಕಬ್ಬು ವಿಭಾಗದ ಮುಖ್ಯಸ್ಥರಾದ ದೇಶಮುಖ ಸಾಹೇಬರು ಬೇಸಿಗೆಯಲ್ಲಿ ಎಲ್ಲ ಮೀಟಿಂಗೂ ಅಲ್ಲೇ ಮಾಡುತ್ತಿದ್ದರು. ಯಂತ್ರಕ್ಕೆ ಸೆಕೆ ಆಗುತ್ತಿದೆಯೇ ಎಂದು ನೋಡಿಕೊಳ್ಳುವುದು ನೆಪ.

ನನ್ನ ಮೊದಲ ದೊಡ್ಡ ತಪ್ಪು ಆ ಕೋಣೆಯಲ್ಲೇ ಆಯಿತು. ಪಾಳಿಯ ಪಟ್ಟಿಯನ್ನು ನಾಟಿ ದಿನಾಂಕದ ಬದಲು ಹೆಸರಿನ ಅಕ್ಷರ ಕ್ರಮದಲ್ಲಿ ಮುದ್ರಿಸಿಬಿಟ್ಟೆ. ಪ್ರೋಗ್ರಾಂ ಇಂಗ್ಲಿಷಿನಲ್ಲಿತ್ತು. ಅಂಬಾರಾಯ, ಅಣ್ಣೆಪ್ಪ, ಅಹ್ಮದ್ ಎಂಬ ಹೆಸರಿನವರಿಗೆಲ್ಲ ಮೊದಲ ವಾರವೇ ಕಟಾವು ಚೀಟಿ ಹೋಯಿತು. ಅವರು ಯಾಕೆ ಎಂದು ಕೇಳಲಿಲ್ಲ, ಸುಮ್ಮನೆ ಕಡಿಸಿದರು. ನಾಲ್ಕನೇ ದಿನ, ಇಂಗ್ಲಿಷ್ ಅಕ್ಷರಮಾಲೆಯ ತುದಿಗೆ ಬಿದ್ದ ವೈಜಿನಾಥ ಮತ್ತು ಜಹೀರ್ ಎಂಬ ಇಬ್ಬರು ರೈತರು ಒಟ್ಟಿಗೆ ಬಂದು ಬಾಗಿಲಲ್ಲಿ ನಿಂತರು. "ನಮ್ಮಪ್ಪ ಹೆಸರಿಡಾಗ ಕಾರ್ಖಾನಿಗೆ ಬಂದು ಕೇಳಿ ಇಡಬೇಕಿತ್ತೇನ್ರಿ?" ಎಂದು ವೈಜಿನಾಥ ಕೇಳಿದ. ತಪ್ಪು ಹುಡುಕಲು ಹತ್ತು ನಿಮಿಷ ಬೇಕಾಯಿತು. ಒಂದೇ ಯಂತ್ರ, ಒಂದೇ ಪ್ರೋಗ್ರಾಂ, ಕೋಣೆಯಲ್ಲಿ ಒಬ್ಬಳೇ ಹೆಂಗಸು. ಯಾರು ಮಾಡಿದ್ದು ಎಂದು ಕೇಳುವ ಪ್ರಶ್ನೆಯೇ ಬರಲಿಲ್ಲ. ಸಾಹೇಬರು ಎರಡು ದಿನ ನನ್ನೊಡನೆ ಮಾತು ಬಿಟ್ಟು, ಸೆಕೆ ತಾಳಲಾರದೆ ಮೂರನೇ ದಿನ ಮತ್ತೆ ಮೀಟಿಂಗಿಗೆ ಬಂದರು.

ಎರಡು ಸಾವಿರದ ಇಸವಿ ದಾಟಿದ ಮೇಲೆ, ತಪ್ಪು ಯಾರದೆಂದು ಹುಡುಕಬೇಕಿಲ್ಲದ ಆ ಸುಖ ಹೋಯಿತು. ಹೈದರಾಬಾದಿನ ಒಂದು ಸಣ್ಣ ಕಂಪನಿಯ ಮೂವರು ಹುಡುಗರು ಬಂದು, ಲಾಡ್ಜಿನಲ್ಲಿ ಉಳಿದು, ವರ್ಷವಿಡೀ ಕೂತು ಹೊಸ ವೆಬ್ ಅಪ್ಲಿಕೇಶನ್ ಮಾಡಿಕೊಟ್ಟು ಹೋದರು. ಅವರ ಪಕ್ಕದಲ್ಲಿ ಕೂತು ನಾನೂ ಅಷ್ಟಿಷ್ಟು ಪ್ರೋಗ್ರಾಂ ಬರೆಯಲು ಕಲಿತೆ. ಸರ್ವರ್ ಹುಮನಾಬಾದದಲ್ಲಿ, ಬಸವಕಲ್ಯಾಣದಲ್ಲಿ ಕೂತವರೂ ಬ್ರೌಸರ್ ತೆರೆದು ಕೆಲಸ ಮಾಡಬಹುದು. ಪುಟಗಳು ನೂರಾರು. ಪ್ರತಿ ಪುಟವೂ ತನಗೆ ಬೇಕಾದ್ದನ್ನು ಡೇಟಾಬೇಸಿಗೆ ಒಂದು ಪ್ರಶ್ನೆಯಾಗಿ ಕಳಿಸುತ್ತದೆ, ಅದೇ ಕ್ವೆರಿ. ಕೊಹಿನೂರ ಎಂಬ ಊರಿನ ಹೊಲಗಳನ್ನು ತೋರಿಸು, ಈ ಹೊಲದ ದಿನಾಂಕ ತಿದ್ದು, ಇಂಥವು. ಡೇಟಾಬೇಸು ಹೇಳಿದ್ದನ್ನು ಮಾಡುತ್ತದೆ, ಆದರೆ ಹೇಳಿದ ಪುಟ ಯಾವುದು ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಬಾಗಿಲು ತಟ್ಟಿದ್ದು ಕೇಳುತ್ತದೆ, ತಟ್ಟಿದವರ ಮುಖ ಕಾಣುವುದಿಲ್ಲ. ಹಾಗಾಗಿ ಏನಾದರೂ ಕೆಟ್ಟರೆ, ಈ ಕ್ವೆರಿ ಯಾವ ಪುಟದ ಯಾವ ಸಾಲಿನಿಂದ ಬಂತು ಎಂದು ಹಿಂದಕ್ಕೆ ನಡೆದುಕೊಂಡು ಹೋಗಿ ಹುಡುಕಬೇಕು. ಮುಂದೆ ನನ್ನ ಕೆಲಸವೆಲ್ಲ ಈ ಹಿಂದಕ್ಕೆ ನಡೆಯುವುದೇ ಆಯಿತು.

ಕ್ವೆರಿಯ ಮಾತುಗಳನ್ನೇ ಪ್ರೋಗ್ರಾಮಿನ ಕೋಡಿನಲ್ಲಿ ಹುಡುಕಿದರೆ ಸಿಗುವುದಿಲ್ಲವೇ ಎಂದು ಹೊಸಬರು ಕೇಳುತ್ತಾರೆ. ಸಿಗುವುದಿಲ್ಲ. ಕೋಡಿನಲ್ಲಿ ಕ್ವೆರಿ ತುಂಡು ತುಂಡಾಗಿ ಬಿದ್ದಿರುತ್ತದೆ. ಅರ್ಧ ಒಂದು ಕಡತದಲ್ಲಿ, ಕಾಲು ಇನ್ನೊಂದರಲ್ಲಿ, ಊರಿನ ಹೆಸರು ಪುಟ ತುಂಬಿದವರ ಕೈಯಲ್ಲಿ. ಎಲ್ಲ ಕೂಡುವುದು ಓಡುವಾಗ ಮಾತ್ರ.

ಕಬ್ಬು ಅರೆಯುವ ಹಂಗಾಮು ಶುರುವಾದ ಮೇಲೆ ದಿನಾ ಬೆಳಿಗ್ಗೆ ಹತ್ತಕ್ಕೆ ಇಡೀ ವ್ಯವಸ್ಥೆ ನಿಂತುಬಿಡುತ್ತಿತ್ತು. ತೂಕದ ಕಾಟಾದ ಮುಂದೆ ಬಂಡಿ, ಟ್ರ್ಯಾಕ್ಟರುಗಳ ಸಾಲು. ಡೇಟಾಬೇಸಿನಲ್ಲಿ ನೋಡಿದರೆ ಒಂದು ಭಾರಿ ಕ್ವೆರಿ, ಹಂಗಾಮಿನ ಎಲ್ಲ ನಮೂದುಗಳನ್ನೂ ಮೊದಲಿಂದ ಎಣಿಸುತ್ತಿದೆ. ಯಾವ ಪುಟದ್ದು? ಬಸವಕಲ್ಯಾಣದ ಕಚೇರಿಯಲ್ಲಿ ಇಸ್ಮಾಯಿಲ್ ಎಂಬ ಪ್ರೋಗ್ರಾಮರ್ ಹೊಸದಾಗಿ ಸೇರಿದ್ದ. ಹತ್ತಿರದ ಮೋರಖಂಡಿ ಊರಿನವನು, ಇನ್ನೂ ಮೂವತ್ತು ದಾಟಿರಲಿಲ್ಲ. ಅವನ ತಂದೆ ಮಹಬೂಬಸಾಬರು ಬಸವಕಲ್ಯಾಣದ ರಸ್ತೆ ಬದಿಯಲ್ಲಿ ಕುಲುಮೆ ಹಾಕಿಕೊಂಡು ಬಂಡಿ ಗಾಲಿಗೆ ಪಟ್ಟಿ ಕಟ್ಟುತ್ತಿದ್ದರು. ಇಸ್ಮಾಯಿಲ್ ಫೋನ್ ಹಿಡಿದು ಅಲ್ಲಿ ಒಂದೊಂದೇ ಪುಟ ತೆರೆಯುವುದು, ನಾನು ಇಲ್ಲಿ ಆ ಕ್ವೆರಿ ಕಾಣಿಸಿತೇ ಎಂದು ನೋಡುವುದು. "ಈಗ ಹೊಲದ ಪುಟ ಒತ್ತಾಕತ್ತೇನ್ರಿ ಅಕ್ಕೋರೆ" ಎನ್ನುತ್ತಿದ್ದ. ಬಂತು ಎನ್ನುತ್ತಿದ್ದೆ. ಆಮೇಲೆ ತೂಕದ ಪುಟ. ಅದಕ್ಕೂ ಬಂತು. ಮೂರು ದಿನ ಹೀಗೆ ನಡೆದ ಮೇಲೆ, ಯಾವ ಪುಟ ಒತ್ತಿದರೂ ಅದು ಬರುತ್ತಿದೆ ಎಂಬುದು ನಮ್ಮಿಬ್ಬರ ತಲೆಗೂ ಹೊಳೆಯಿತು.

ಪ್ರತಿ ಪುಟದ ತಲೆಯ ಮೇಲೆ ಕೆಂಪಕ್ಷರದಲ್ಲಿ, ಅಂಗಳದಲ್ಲಿ ಈಗ ನಿಂತಿರುವ ಬಂಡಿಗಳು ಎಷ್ಟು ಎಂಬ ಒಂದು ಸಣ್ಣ ಅಂಕಿ ಇತ್ತು. ಯಾರು ಯಾವ ಪುಟ ತೆರೆದರೂ ಆ ಅಂಕಿಗಾಗಿ ಎಣಿಕೆ ಮೊದಲಿಂದ ಶುರುವಾಗುತ್ತಿತ್ತು. ಅದನ್ನು ಯಾರೂ ನೋಡುತ್ತಿರಲಿಲ್ಲ. ಕಿಟಕಿಯಿಂದ ಇಣುಕಿದರೆ ಬಂಡಿಗಳೇ ಕಾಣುತ್ತಿದ್ದವು. ಇಂಥದ್ದನ್ನು ಹಾಕಲು ಹೇಳಿದವರು ಯಾರು ಎಂದು ದೇಶಮುಖ ಸಾಹೇಬರು ಕೇಳಿದರು. ಹೇಳಿದವರು ಅವರೇ. ನಾನು ನೆಲ ನೋಡಿದೆ. ಸರಿ, ತೆಗೆಯಿರಿ ಎಂದರು. ಹದಿನೈದು ದಿನ ಬಿಟ್ಟು, ಆ ಕೆಂಪು ಅಂಕಿ ಎಲ್ಲಿ ಹೋಯಿತು, ನೋಡಲು ಚೆನ್ನಾಗಿತ್ತಲ್ಲ ಎಂದೂ ಕೇಳಿದರು. ಮೇಲಧಿಕಾರಿಗಳ ಬಗ್ಗೆ ನನಗೆ ಹೇಳಲಿಕ್ಕಿರುವುದು ಇಷ್ಟೇ: ಅವರು ಕೆಟ್ಟವರಾಗಿರಲಿಲ್ಲ, ಅವರಿಗೆ ನೆನಪು ಕಡಿಮೆ ಇತ್ತು.

ಒಂದು ಕ್ವೆರಿಗೆ ಮೂರು ದಿನ ಹೋದದ್ದು ನನ್ನ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಪರಿಹಾರ ಸಿಕ್ಕಿದ್ದು ಮನೆಯಲ್ಲಿ. ನಮ್ಮಪ್ಪ ಬಸವಕಲ್ಯಾಣದ ತಹಸೀಲ ಕಚೇರಿಯ ಮುಂದೆ ಗಿಡದ ನೆರಳಿಗೆ ಕೂತು ಕಾಗದಪತ್ರ ಬರೆದು ಬದುಕಿದವರು. ಎಳೆ ವಯಸ್ಸಿನಲ್ಲಿ ಉರ್ದುವಿನಲ್ಲಿ, ಆಮೇಲೆ ಮರಾಠಿ ಮತ್ತು ಕನ್ನಡದಲ್ಲಿ ಬರೆದರು. ಖರೀದಿ ಪತ್ರವೇ ಇರಲಿ, ಆಸ್ತಿ ಪಾಲಾಗುವ ವಾಟಣಿ ಪತ್ರವೇ ಇರಲಿ, ಕೊನೆಯಲ್ಲಿ ಸಾಕ್ಷಿಗಳ ಸಹಿಯಾದ ಮೇಲೆ ಬಕಲಂ ಎಂದು ಬರೆದು ತಮ್ಮ ಹೆಸರು ಹಾಕುತ್ತಿದ್ದರು. ಬಕಲಂ ಎಂದರೆ ಈ ಲೇಖನಿಯಿಂದ ಎಂದು ಅರ್ಥ, ಪತ್ರ ಬರೆದವರು ಯಾರು ಎಂದು ತಿಳಿಸುವ ಸಾಲು. ಆ ಸಾಲಿನಿಂದ ಹೊಲದ ಹಕ್ಕು ಬದಲಾಗುವುದಿಲ್ಲ. ಆದರೆ ಮುಂದೆ ತಕರಾರು ಬಂದರೆ ಬರೆದವರನ್ನು ಹುಡುಕಿಕೊಂಡು ಬರಬಹುದು. ಎಷ್ಟೋ ವರ್ಷದ ಹಿಂದಿನ ಪತ್ರಕ್ಕೆ ಸಾಕ್ಷಿ ಹೇಳಲು ಅಪ್ಪ ಕೋರ್ಟಿಗೆ ಹೋಗಿ ಬಂದದ್ದುಂಟು. ಒಂದು ಸಂಜೆ ಯಾರೋ ತಂದ ಹಳೆಯ ಪತ್ರವನ್ನು ಅವರು ಕೆಳಗಿನಿಂದ ಮೇಲಕ್ಕೆ ಓದುತ್ತಿದ್ದರು. ಮೊದಲು ಬಕಲಂ ನೋಡುವುದು ಅವರ ರೂಢಿ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಕ್ವೆರಿಗೂ ಒಂದು ಬಕಲಂ ಯಾಕಿರಬಾರದು ಅನ್ನಿಸಿತು.

ಡೇಟಾಬೇಸು ಓದದೆ ದಾಟಿ ಹೋಗುವ, ಆದರೆ ಅದರ ದಿನಚರಿಯಲ್ಲಿ, ಅಂದರೆ ಲಾಗಿನಲ್ಲಿ, ಹಾಗೇ ಉಳಿಯುವ ಟಿಪ್ಪಣಿ ಸಾಲು ಒಂದಿದೆ. ಪ್ರತಿ ಕ್ವೆರಿಯ ಕೊನೆಗೆ ಅಂಥ ಒಂದು ಸಾಲು ಸೇರಿಸಿ ಕಡತದ ಹೆಸರು, ಬರೆದವರ ಹೆಸರು ಹಾಕಬೇಕೆಂದು ನಿಯಮ ಮಾಡಿದೆ. ನೂರಾರು ಕಡತಗಳಲ್ಲಿ ಕೂತು ಹಾಕಿದವನು ಇಸ್ಮಾಯಿಲ್. ಅವನ ಕೆಲಸ ಬಹಳ ಅಚ್ಚುಕಟ್ಟು. ಹೈದರಾಬಾದಿನ ಹುಡುಗರು ಬರೆದ ಕ್ವೆರಿಗಳಿಗೆ ಸುಮ್ಮನೆ ತನ್ನ ಹೆಸರು ಹಾಕದೆ, ಮೊದಲು ಬರೆದವರು ತಿಳಿದಿಲ್ಲ, ಈ ಸಾಲು ಹಾಕಿದವನು ಇಸ್ಮಾಯಿಲ್ ಎಂದು ಎರಡು ಮಾತು ಬರೆದಿದ್ದ. ಇಷ್ಟುದ್ದ ಯಾಕೆ, ಒಂದು ಹೆಸರು ಸಾಕಾಗಿತ್ತು ಎಂದೆ. ಅವನು ನಕ್ಕು, ಬರೆಯದ್ದನ್ನು ಬರೆದೆ ಎಂದು ಹೇಳುವುದು ಹೇಗೆ ಎಂದ. ಆಗ ಆ ಮಾತಿಗೆ ಕಿವಿಗೊಡದಿದ್ದುದಕ್ಕೆ ನಂತರ ಬಹಳ ಪಶ್ಚಾತ್ತಾಪಪಟ್ಟೆ.

ಬಕಲಂ ಬಂದ ಮೇಲೆ ದಿನಗಟ್ಟಲೆ ಹಿಡಿಯುತ್ತಿದ್ದ ಹುಡುಕಾಟ ಒಂದು ಚಹಾ ಆರುವುದರೊಳಗೆ ಮುಗಿಯತೊಡಗಿತು. ಲಾಗ್ ತೆರೆ, ಕೊನೆಯ ಸಾಲು ಓದು, ಕಡತಕ್ಕೆ ಹೋಗು. ನನ್ನ ತಲೆ ಸ್ವಲ್ಪ ತಿರುಗಿತ್ತು ಎಂದು ಈಗ ಒಪ್ಪುತ್ತೇನೆ. ಕಾರ್ಖಾನೆಗೆ ಯಾರಾದರೂ ಬಂದರೆ ಕರೆದು ತೋರಿಸುತ್ತಿದ್ದೆ.

ಎರಡು ಹಂಗಾಮು ಕಳೆದವು. ಮೂರನೆಯದರ ನಡುವೆ ಒಂದು ಬೆಳಿಗ್ಗೆ ಕೊಹಿನೂರದ ಶಿವರಾಯಪ್ಪ ಎಂಬ ವಯಸ್ಸಾದ ರೈತರು ಬಂದು ನನ್ನ ಮೇಜಿನ ಮುಂದೆ ಕೂತರು. ಆ ವಾರದ ಪಟ್ಟಿಯ ಮೊದಲ ಹತ್ತು ಹೆಸರಿನಲ್ಲಿದ್ದ ಅವರ ಪಾಳಿ ಒಂದು ತಿಂಗಳು ಹಿಂದಕ್ಕೆ ಬಿದ್ದಿತ್ತು. ಅವರೊಬ್ಬರದೇ ಅಲ್ಲ, ಕೊಹಿನೂರದ ಎಲ್ಲ ಹೊಲಗಳ ನಾಟಿ ದಿನಾಂಕವೂ ಒಂದೇ ಆಗಿತ್ತು, ಅದೂ ಬಹಳ ತಡದ ದಿನಾಂಕ. "ತಂಗೆಮ್ಮ, ನಾ ಹಚ್ಚಿದ್ದು ಯಾವಾಗ ಅಂತ ನನಗ ಗೊತ್ತದ. ನಿನ್ನ ಮಷೀನಿಗೆ ಯಾಕ ಗೊತ್ತಿಲ್ಲ?" ಎಂದರು. ದನಿ ಎತ್ತಲಿಲ್ಲ. ಹೊರಗೆ ಅವರೂರಿನ ಇಪ್ಪತ್ತು ಮೂವತ್ತು ಜನ ನಿಂತಿದ್ದರು.

ಲಾಗ್ ತೆರೆದೆ. ಹಿಂದಿನ ದಿನ ಮಧ್ಯಾಹ್ನ ಒಂದು ಕ್ವೆರಿ ಊರಿನ ದಿನಾಂಕಗಳನ್ನೆಲ್ಲ ಒಂದೇ ಏಟಿಗೆ ಬದಲಿಸಿತ್ತು. ಕೊನೆಯಲ್ಲಿ ಬಕಲಂ ಇತ್ತು: ಹೊಲ ತಿದ್ದುಪಡಿಯ ಕಡತ, ಬರೆದವನು ಇಸ್ಮಾಯಿಲ್. ಕೊಹಿನೂರ ಹಿಂದೆ ಬಿದ್ದದ್ದರಿಂದ ಮುಂದೆ ಬಂದ ಊರುಗಳಲ್ಲಿ ಅವನ ಊರಾದ ಮೋರಖಂಡಿಯೂ ಒಂದು ಎಂಬುದನ್ನು ದೇಶಮುಖ ಸಾಹೇಬರು ತಾವೇ ಪಟ್ಟಿ ನೋಡಿ ಕಂಡುಹಿಡಿದರು. ಹೊರಗಿನ ಜನ ಅಷ್ಟರಲ್ಲಿ ಬಾಗಿಲವರೆಗೆ ಬಂದಿದ್ದರು. ಇನ್ನೂ ಸ್ವಲ್ಪ ನೋಡುತ್ತೇನೆ ಎಂದು ನಾನು ಅಂದೆನೋ ಇಲ್ಲವೋ ನೆನಪಿಲ್ಲ. ಅಂದಿದ್ದರೂ ಗಟ್ಟಿಯಾಗಿ ಅನ್ನಲಿಲ್ಲ. "ಕಲಾವತಿ ಬಾಯಿ, ಕಾರಣ ಬ್ಯಾಡ. ಹೆಸರು ಹೇಳ್ರಿ" ಎಂದರು ಸಾಹೇಬರು. ನಾನು ಹೆಸರು ಹೇಳಿದೆ. ಲಾಗಿನ ಆ ಸಾಲನ್ನು ಮುದ್ರಿಸಿ ಕೈಗೂ ಕೊಟ್ಟೆ.

ಇಸ್ಮಾಯಿಲನನ್ನು ಹುಮನಾಬಾದಕ್ಕೆ ಕರೆಸಿದರು. ಅವನು ಕಾಗದವನ್ನು ಎರಡು ಸಲ ಓದಿದ. ಸಾಹೇಬರನ್ನು ಬಿಟ್ಟು ನನಗೇ ಹೇಳಿದ: "ಅಕ್ಕೋರೆ, ಬಕಲಂ ನಂದೇ ಅದ, ಇಲ್ಲ ಅನ್ನಂಗಿಲ್ಲ. ಆದ್ರ ನನ್ನ ಕ್ವೆರಿ ಒಂದು ಹೊಲ ಅಷ್ಟೇ ತಿದ್ದತದ. ಇದು ಊರಿಗೆ ಊರೇ ತಿದ್ದ್ಯದ. ಇದು ನಂದಲ್ರಿ."

ಅವನ ಕಡತ ತೆರೆದು ನೋಡಿದೆವು. ಇಂಥ ಸಂಖ್ಯೆಯ ಹೊಲಕ್ಕೆ ಮಾತ್ರ ಎಂಬ ಷರತ್ತು ಅದರಲ್ಲಿ ಇತ್ತು, ಲಾಗಿನಲ್ಲಿದ್ದ ಕ್ವೆರಿಯಲ್ಲಿ ಇರಲಿಲ್ಲ. ನಿನ್ನೆ ತೆಗೆದು ಇವತ್ತು ಮತ್ತೆ ಹಾಕಿಟ್ಟಿದ್ದಾನೆ ಎಂದು ಸಾಹೇಬರು ತೀರ್ಮಾನಿಸಿದರು. ಆ ಕಡತ ಕೊನೆಯ ಸಲ ಯಾವಾಗ ಬದಲಾಗಿದೆ ಎಂದು ನಾನು ನೋಡಿದ್ದರೆ ಸಾಕಿತ್ತು. ನೋಡಲಿಲ್ಲ. ಬಕಲಂ ಇದ್ದ ಮೇಲೆ ಇನ್ನೇನು ನೋಡುವುದು ಎಂಬ ಧಿಮಾಕು ನನ್ನದು. ಅವತ್ತೇ ನೋಟಿಸ್ ಹಚ್ಚಿದರು. ಕೊಹಿನೂರ ಗ್ರಾಮದ ಪಾಳಿಯನ್ನು ತಿರುಚಿದ ಕಾರಣ ಇಸ್ಮಾಯಿಲ್ ಎಂಬವರನ್ನು ಕೆಲಸದಿಂದ ತೆಗೆಯಲಾಗಿದೆ ಎಂದು, ತಂದೆಯ ಹೆಸರು, ಊರಿನ ಹೆಸರು ಸಮೇತ, ಎರಡೂ ಕಚೇರಿಗಳ ಗೇಟಿಗೆ ಮತ್ತು ಕೊಹಿನೂರದ ಪಂಚಾಯಿತಿ ಗೋಡೆಗೆ. ಹಳೆಯ ರಜಿಸ್ಟರು ನೋಡಿ ದಿನಾಂಕಗಳನ್ನು ನಾವು ಮತ್ತೆ ಸರಿಯಾಗಿ ತುಂಬಿದೆವು. ಜನ ಸಮಾಧಾನವಾಗಿ ಹೋದರು.

ಮುಂದಿನ ವಾರ ಬಸ್ಸಿನಲ್ಲಿ ಹೋಗುವಾಗ ಮಹಬೂಬಸಾಬರ ಕುಲುಮೆಯ ಮುಂದೆ ಒಂದೂ ಬಂಡಿ ಕಾಣಲಿಲ್ಲ. ಹಂಗಾಮಿನಲ್ಲಿ ಅಲ್ಲಿ ಬಂಡಿ ನಿಲ್ಲಿಸಲು ಜಾಗ ಇರುತ್ತಿರಲಿಲ್ಲ. ಕೊಹಿನೂರದವರು ಬರುವುದು ಬಿಟ್ಟಿದ್ದರು. ಅವರನ್ನು ನೋಡಿ ಸುತ್ತಲಿನ ಊರಿನವರೂ ಬಿಟ್ಟಿದ್ದರು. ಮೋರಖಂಡಿಯಲ್ಲಿ ನಡೆದದ್ದು ಇದಕ್ಕಿಂತ ಕೆಟ್ಟದ್ದು, ಅದು ನನಗೆ ಆಮೇಲೆ ಗೊತ್ತಾಯಿತು. ಅಲ್ಲಿ ಕೆಲವರು ಇಸ್ಮಾಯಿಲನ ಬೆನ್ನು ತಟ್ಟಿ, ನೌಕರಿ ಹೋದರೂ ಊರಿಗಾಗಿ ಮಾಡಿದೆ ಎಂದು ಹೊಗಳಿದರಂತೆ. ಮಾಡದ ಮೋಸಕ್ಕೆ ಬೈಸಿಕೊಳ್ಳುವುದನ್ನಾದರೂ ತಾಳಬಹುದು, ಹೊಗಳಿಸಿಕೊಂಡು ಬದುಕುವುದು ಹೇಗೆ? ಅವನು ಮನೆಯಿಂದ ಹೊರಗೆ ಬರುವುದನ್ನೇ ನಿಲ್ಲಿಸಿದ.

ಹದಿನೈದು ದಿನವಾಗಿರಬೇಕು. ಮನ್ನಾಏಖೇಳ್ಳಿ ಕಡೆಯ ಒಂದು ಊರಿಗೂ ಹಾಗೇ ಆಯಿತು. ಎಲ್ಲ ಹೊಲಗಳಿಗೂ ಒಂದೇ ದಿನಾಂಕ, ಕೊನೆಯಲ್ಲಿ ಅದೇ ಬಕಲಂ. ಅವನು ಹೋಗುವಾಗ ಏನೋ ಬಿಟ್ಟು ಹೋಗಿದ್ದಾನೆ ಎಂದರು ಸಾಹೇಬರು. ಈ ಸಲ ನನ್ನ ಮುಂದೆ ಯಾರೂ ಗುಂಪು ಕಟ್ಟಿ ನಿಂತಿರಲಿಲ್ಲ. ಸಮಾಧಾನವಾಗಿ ಕೂತು, ಮೊದಲೇ ಮಾಡಬೇಕಾಗಿದ್ದ ಕೆಲಸವನ್ನು ಮಾಡಿದೆ. ಯಾವ ಪುಟವನ್ನು ಯಾವ ಕ್ಷಣದಲ್ಲಿ ಯಾರು ತೆರೆದರು ಎಂಬುದಕ್ಕೆ ವೆಬ್ ಸರ್ವರಿನದೇ ಬೇರೆ ಲಾಗ್ ಇರುತ್ತದೆ. ಎರಡೂ ಲಾಗುಗಳನ್ನು ಮುದ್ರಿಸಿ, ಅಳತೆಪಟ್ಟಿ ಇಟ್ಟುಕೊಂಡು, ಗಂಟೆ ನಿಮಿಷ ಸೆಕೆಂಡು ಹೊಂದಿಸುತ್ತ ಹೋದೆ. ಆ ಕ್ವೆರಿ ಓಡಿದ ಹೊತ್ತಿನಲ್ಲಿ ಹೊಲ ತಿದ್ದುಪಡಿಯ ಪುಟವನ್ನು ಯಾರೂ ತೆರೆದಿರಲಿಲ್ಲ. ತೆರೆದದ್ದು ಬೇರೆ ಪುಟ. ಕೊಹಿನೂರದ ದಿನದ ಲಾಗ್ ತೆಗೆದು ಹೊಂದಿಸಿದೆ. ಅವತ್ತೂ ಅದೇ ಬೇರೆ ಪುಟ.

ಆ ಪುಟದ ಹೆಸರು ಗ್ರಾಮವಾರು ದಿನಾಂಕ. ಅದನ್ನು ಬರೆದವಳು ನಾನು.

ಆ ವರ್ಷ ಕೆಲವು ಹೊಲಗಳಿಗೆ ನಾಟಿ ದಿನಾಂಕ ದಾಖಲಾಗದೆ ಖಾಲಿ ಉಳಿದಿತ್ತು. ಊರಿನ ಖಾಲಿ ದಿನಾಂಕಗಳನ್ನೆಲ್ಲ ಒಮ್ಮೆಲೇ ತುಂಬುವ ಪುಟ ಇವತ್ತೇ ಬೇಕು ಎಂದು ಸಾಹೇಬರು ಅವಸರ ಮಾಡಿದ್ದರು. ನಾನು ಇಸ್ಮಾಯಿಲನ ಕಡತದಿಂದ ಕ್ವೆರಿಯನ್ನು ಎತ್ತಿ ನನ್ನ ಕಡತದಲ್ಲಿ ಅಂಟಿಸಿಕೊಂಡೆ. ಹೊಲದ ಸಂಖ್ಯೆಯ ಷರತ್ತು ತೆಗೆದೆ. ದಿನಾಂಕ ಖಾಲಿ ಇದ್ದರೆ ಮಾತ್ರ ಎಂಬ ಷರತ್ತು ಸೇರಿಸಬೇಕಿತ್ತು, ಮರೆತೆ. ಕೆಳಗಿನ ಬಕಲಂ ಬದಲಿಸುವುದನ್ನೂ ಮರೆತೆ. ಕಚೇರಿಯ ಗುಮಾಸ್ತರು ಮೂರು ಖಾಲಿ ಹೊಲಗಳಿಗೆಂದು ಗುಂಡಿ ಒತ್ತಿದರೆ ಇಡೀ ಊರು ಬದಲಾಗುತ್ತಿತ್ತು. ತಪ್ಪು ನನ್ನದು, ಹೆಸರು ಅವನದು.

ನಾನು ಆ ಹಾಳೆಗಳನ್ನು ಮಡಚಿ ಚೀಲದಲ್ಲಿಟ್ಟುಕೊಂಡು ಮನೆಗೆ ಹೋದೆ. ಅಪ್ಪನಿಗೆ ಹೇಳಿದೆ. ಕಂಪ್ಯೂಟರ್ ಎಂದರೆ ಏನೆಂದು ಅವರಿಗೆ ಗೊತ್ತಿರಲಿಲ್ಲ, ಆದರೆ ನಕಲು ಎಂದ ಕೂಡಲೇ ಎದ್ದು ಕೂತರು. "ನಕಲು ಮಾಡಿದ್ರ ಅಸಲು ಬರ್ದವನ ಬಕಲಂ ಬಿಡಂಗಿಲ್ಲ, ಕಲಾ. ಅದರ ಕೆಳಗ ನಕಲು ಮಾಡಿದವ ತನ್ನ ಹೆಸರು ಹಾಕಲೇಬೇಕು. ಹಾಕಲಿಲ್ಲಂದ್ರ ಇವ ಮಾಡಿದ್ದೆಲ್ಲ ಅವನ ಕುತ್ತಿಗಿಗೆ ಬರ್ತದ." ಚಿಕ್ಕಂದಿನಿಂದ ಮನೆಯಲ್ಲಿ ಸಾವಿರ ನಕಲುಗಳನ್ನು ನೋಡಿದ್ದೆ, ಪ್ರತಿಯೊಂದರ ಕೆಳಗೂ ಎರಡು ಹೆಸರು ಇರುತ್ತಿದ್ದವು. ಆ ಪದ್ಧತಿಯಲ್ಲಿ ಅರ್ಧ ಮಾತ್ರ ನಾನು ಕಾರ್ಖಾನೆಗೆ ಒಯ್ದಿದ್ದೆ. ಉಳಿದರ್ಧ ಇಸ್ಮಾಯಿಲನಿಗೆ ಯಾರೂ ಹೇಳಿಕೊಡದೆಯೇ ಗೊತ್ತಿತ್ತು. ನನಗೆ ಬಹಳ ನಾಚಿಕೆಯಾಯಿತು.

ಮರುದಿನ ಸಾಹೇಬರ ಮುಂದೆ ಹಾಳೆಗಳನ್ನು ಹರಡಿದೆ. ಅವರು ಹೆಸರು ಕೇಳುವ ಮೊದಲೇ ಹೇಳಿದೆ. ಅವರು, ಆದದ್ದು ಆಯಿತು, ಹುಡುಗನನ್ನು ವಾಪಸು ಕರೆದುಕೊಳ್ಳೋಣ, ಕಾರ್ಖಾನೆಯ ಮರ್ಯಾದೆ ಹೋಗುವ ಹಾಗೆ ಮಾಡುವುದು ಬೇಡ ಎಂದು ತಾವೇ ಒಂದು ನೋಟಿಸಿನ ಕರಡು ಹೇಳಿ ಬರೆಸಿದರು. ತಾಂತ್ರಿಕ ಕಾರಣದಿಂದ ಪಾಳಿಯಲ್ಲಿ ವ್ಯತ್ಯಾಸವಾಗಿತ್ತು, ಇಸ್ಮಾಯಿಲ್ ಎಂಬವರನ್ನು ಪುನಃ ಸೇವೆಗೆ ತೆಗೆದುಕೊಳ್ಳಲಾಗಿದೆ. ಅಷ್ಟೇ. ಓದಿದಾಗ ನನಗೂ ಹಾಯೆನಿಸಿತು, ಸುಳ್ಳು ಹೇಳುವುದಿಲ್ಲ.

ಆ ಕಾಗದ ಹಿಡಿದು ಮೋರಖಂಡಿಗೆ ಹೋದೆ. ಮಹಬೂಬಸಾಬರು ಬಾಗಿಲಲ್ಲೇ ಇದ್ದರು, ಒಳಗೆ ಕರೆದು ಕೂಡಿಸಿ ನೀರು ಕೊಟ್ಟರು. ಅವರ ಮುಖ ನೋಡಲು ನನಗೆ ಆಗಲಿಲ್ಲ. ಇಸ್ಮಾಯಿಲ್ ಬಂದು ಎದುರಿಗೆ ಕೂತ. ನಡೆದದ್ದನ್ನು ಮೊದಲಿಂದ ಕೊನೆಯವರೆಗೆ ಹೇಳಿದೆ, ನಕಲು ಮಾಡಿದವಳು ನಾನೇ ಎಂದೂ ಹೇಳಿದೆ. ತಪ್ಪಾಯಿತು ಎಂದೆ. ಅವನು ಕೈ ಚಾಚಿದ. ಕರಡು ಕೊಟ್ಟೆ. ನಮ್ಮಪ್ಪನ ಹಾಗೆಯೇ ಅವನೂ ಅದನ್ನು ಕೆಳಗಿನಿಂದ ಮೇಲಕ್ಕೆ ಓದಿದ.

"ತಾಂತ್ರಿಕ ಕಾರಣ ಅಂದ್ರ ಯಾರ್ರಿ?" ಎಂದ. "ಅವರದು ಯಾವ ಊರು?"

ನಾನು ಕರಡನ್ನು ವಾಪಸು ತೆಗೆದುಕೊಳ್ಳಹೋದೆ. ಅವನು ಬಿಡಲಿಲ್ಲ.

"ಹೋದ ಸಲ ನೋಟಿಸಿನ್ಯಾಗ ನನ್ನ ಹೆಸರಿತ್ತು. ನಮ್ಮಪ್ಪನ ಹೆಸರಿತ್ತು. ಊರ ಹೆಸರಿತ್ತು. ಈ ಸಲ ಮಾಡಿದವರ ಹೆಸರು ಇಲ್ಲ. ಇದನ್ನ ಹಚ್ಚಿದ್ರ ನಾ ಸಾಹೇಬರ ಕೈಕಾಲು ಹಿಡ್ದು ವಾಪಸ್ ಬಂದೀನಿ ಅಂತಾರ ಮಂದಿ." ಕಾಗದವನ್ನು ನನ್ನ ಮುಂದಿಟ್ಟು, ತನ್ನ ಜೇಬಿನ ಪೆನ್ನನ್ನೂ ಅದರ ಮೇಲಿಟ್ಟ. "ನೀವೇ ಹಾಕಿದ ಕಾನೂನು ಅದ. ಬಕಲಂ ಬರೀರಿ."

ಅಲ್ಲೇ ಕೂತು ಹೊಸದಾಗಿ ಬರೆದೆ. ಪಾಳಿ ಬದಲಾದದ್ದು ನಾನು ಬರೆದ ಪ್ರೋಗ್ರಾಮಿನ ತಪ್ಪಿನಿಂದ, ಇಸ್ಮಾಯಿಲನ ತಪ್ಪು ಏನೂ ಇಲ್ಲ, ಅವನ ಹೆಸರು ಅದರಲ್ಲಿ ಬಂದದ್ದೂ ನನ್ನಿಂದಲೇ. ಕೆಳಗೆ ಬಕಲಂ ಎಂದು ಬರೆದು ನನ್ನ ಹೆಸರು, ಅಪ್ಪನ ಹೆಸರು, ಊರಿನ ಹೆಸರು ಹಾಕಿದೆ. ಅಪ್ಪನ ಹೆಸರು ಬರೆಯುವಾಗ ಕೈ ನಿಂತಿತು. ಮಹಬೂಬಸಾಬರು ನೋಡುತ್ತಿದ್ದರು, ಬರೆದು ಮುಗಿಸಿದೆ. ಇಸ್ಮಾಯಿಲ್ ಓದಿ, ದಿನಾಂಕ ಹಾಕಿಲ್ಲ ಎಂದು ತೋರಿಸಿದ. ಅದನ್ನೂ ಹಾಕಿದೆ.

ಸಾಹೇಬರು ಒಪ್ಪುವುದಿಲ್ಲ ಎಂದು ಗೊತ್ತಿತ್ತು, ಆದ್ದರಿಂದ ಅವರನ್ನು ಕೇಳಲು ಹೋಗಲಿಲ್ಲ. ಹಳೆಯ ನೋಟಿಸ್ ಎಲ್ಲೆಲ್ಲಿ ಹಚ್ಚಿದ್ದರೋ ಅಲ್ಲೆಲ್ಲ ನಾನೇ ಹೋಗಿ ಅದರ ಮೇಲೆ ಹಚ್ಚಿದೆ. ಕೊಹಿನೂರದ ಪಂಚಾಯಿತಿ ಗೋಡೆಯ ಮುಂದೆ ಶಿವರಾಯಪ್ಪ ಸಿಕ್ಕರು. ಗಟ್ಟಿಯಾಗಿ ಓದಿ, ಈ ಕಲಾವತಿ ಎಂದರೆ ಯಾರು ಎಂದು ನನ್ನನ್ನೇ ಕೇಳಿದರು. ಅವರಿಗೆ ನಾನು ಇಷ್ಟು ದಿನ ಬರೀ ತಂಗೆಮ್ಮ. ನಾನೇ ಎಂದೆ. ಅವರು ನನ್ನನ್ನು ಬೈಯಲಿಲ್ಲ. ಗೋಡೆಯನ್ನೇ ನೋಡುತ್ತ, "ಹಂಗಾದ್ರ ಆ ಕುಲುಮಿ ಮುದುಕನ ಬಲ್ಲಿ ನಮ್ಮೂರವರು ಬಂಡಿ ಒಯ್ಯಬೇಕಿತ್ತಲ್ಲ" ಎಂದರು. ಎರಡು ದಿನ ಬಿಟ್ಟು ಬಸ್ಸಿನಲ್ಲಿ ಹೋಗುವಾಗ ನೋಡಿದೆ, ಕುಲುಮೆಯ ಮುಂದೆ ಮೂರು ಬಂಡಿ ನಿಂತಿದ್ದವು.

ನನಗೆ ಸಾಹೇಬರಿಂದ ಮೆಮೊ ಬಂತು, ಒಪ್ಪಿ ಸಹಿ ಹಾಕಿದೆ. ಇಸ್ಮಾಯಿಲ್ ಮುಂದಿನ ಸೋಮವಾರ ಕೆಲಸಕ್ಕೆ ಬಂದ. ಬಂದ ದಿನವೇ ಕ್ವೆರಿಗಳ ಬಕಲಂ ಸಾಲನ್ನು ಎರಡು ಮಾಡಲು ಶುರು ಮಾಡಿದ, ಒಂದು ಅಸಲಿನದು, ಒಂದು ನಕಲಿನದು. ಬರೀ ಹೆಸರು ನಂಬದೆ ವೆಬ್ ಸರ್ವರಿನ ಲಾಗಿಗೆ ತಾಳೆ ನೋಡುವ ಸಣ್ಣ ಪ್ರೋಗ್ರಾಂ ಕೂಡ ಅವನೇ ಬರೆದ. ಮುಂದೆ ಎಷ್ಟೋ ವರ್ಷ ಆ ಕಾರ್ಖಾನೆಯಲ್ಲಿ ಕ್ವೆರಿ ಹುಡುಕುವ ಕೆಲಸ ಅದರಿಂದಲೇ ನಡೆಯಿತು. ಈಗಿನ ಸಾಧನಗಳು ಇದನ್ನೆಲ್ಲ ತಾವೇ ಮಾಡುತ್ತವೆ ಎಂದು ಕೇಳಿದ್ದೇನೆ. ಒಳ್ಳೆಯದು. ಆದರೂ ಸಾಧನ ತೋರಿಸಿದ ಹೆಸರನ್ನು ಹೊರಗೆ ಹೇಳುವ ಮೊದಲು, ನಿಮ್ಮ ಹೆಸರೇ ಅಲ್ಲಿ ಬಂದಿದ್ದರೆ ಎಷ್ಟು ಸಲ ತಾಳೆ ನೋಡುತ್ತಿದ್ದಿರೋ ಅಷ್ಟು ಸಲ ನೋಡಿ.

ಇಸ್ಮಾಯಿಲ್ ಮತ್ತು ನಾನು ನನ್ನ ನಿವೃತ್ತಿಯವರೆಗೂ ಜೊತೆಗೆ ಕೆಲಸ ಮಾಡಿದೆವು. ಒಂದು ದಿನವೂ ಅವನು ಆ ವಿಷಯ ಎತ್ತಲಿಲ್ಲ. ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡುತ್ತಿದ್ದ, ಹೇಳಿದ ದಿನಕ್ಕೆ ಕೆಲಸ ಮುಗಿಸುತ್ತಿದ್ದ, ಈದಿಗೆ ಮನೆಗೆ ಶೀರಖುರ್ಮಾ ಕಳಿಸುತ್ತಿದ್ದ. ನಿವೃತ್ತಿಯ ದಿನ ಭಾಷಣಗಳು ಮುಗಿದ ಮೇಲೆ ಹಿಂದಿನ ಸಾಲಿನಿಂದ ಎದ್ದು ಬಂದು, ಗಡಿಯಾರದ ಪೆಟ್ಟಿಗೆಯನ್ನು ಬಸ್ ನಿಲ್ದಾಣದವರೆಗೆ ಹೊತ್ತು ತಂದು, ನನ್ನ ಸೀಟಿನ ಪಕ್ಕದಲ್ಲಿ ಜೋಪಾನವಾಗಿ ಇಟ್ಟು ಕೆಳಗಿಳಿದ. ಬಸ್ಸು ಹೊರಡುವಾಗ ಕಿಟಕಿಯ ಹತ್ತಿರ ಬಂದ. "ಹೋಗಿ ಬರ್ರಿ, ಮೇಡಂ" ಎಂದ. ತನ್ನನ್ನು ಕೆಲಸದಿಂದ ತೆಗೆದ ಆ ನೋಟಿಸಿನ ದಿನದಿಂದ ಅವನು ನನ್ನನ್ನು ಅಕ್ಕೋರೆ ಎಂದು ಕರೆದಿರಲಿಲ್ಲ.